ಜಿಲ್ಲಾ ಪತ್ರಿಕೆಯ ಜಾಲತಾಣವನ್ನು ಸುಲಭವಾಗಿ ಓದುವಂತೆ ಮರುರೂಪಿಸುವುದು ಹೇಗೆ?

ಪ್ರಶ್ನೆ: ಹಾಸನದ ಉಪಸಂಪಾದಕ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಹೊರಡುವ ಒಂದು ಜಿಲ್ಲಾ ದಿನಪತ್ರಿಕೆಯಲ್ಲಿ ನಾನು ಸುದ್ದಿ ತಿದ್ದುವ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷಗಳಿಂದ ಪತ್ರಿಕೆಯ ಜಾಲತಾಣದ ಹೊಣೆಯೂ ನನ್ನ ಪಾಲಿಗೆ ಬಂದಿದೆ. ತಾಣವನ್ನು ಹೊಸದಾಗಿ ಕಟ್ಟಿಸಲು ಮಾಲೀಕರು ಈಗ ಒಪ್ಪಿದ್ದಾರೆ. ಆದರೆ ಎಲ್ಲಿಂದ ಕೈ ಹಚ್ಚಬೇಕೆಂಬುದು ನನಗೆ ಸ್ಪಷ್ಟವಾಗುತ್ತಿಲ್ಲ.

ಕಳೆದ ವಾರ ಬೇಲೂರು ಬಸ್ ನಿಲ್ದಾಣದಲ್ಲಿ ಕಂಡದ್ದನ್ನು ಮೊದಲು ಹೇಳುತ್ತೇನೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಗೊರೂರಿನ ಹೇಮಾವತಿ ಜಲಾಶಯದ ನೀರಿನ ಮಟ್ಟದ ಬಗ್ಗೆ ನಮ್ಮ ತಾಣದಲ್ಲಿ ಬಂದಿದ್ದ ವರದಿಯನ್ನೇ ಮೊಬೈಲಿನಲ್ಲಿ ಓದುತ್ತಿದ್ದರು. ಎರಡು ಸಾಲು ಓದುವಷ್ಟರಲ್ಲಿ ಮೇಲಿನ ಚಿತ್ರ ತಡವಾಗಿ ಮೂಡಿ, ಓದುತ್ತಿದ್ದ ಸಾಲು ಕೆಳಗೆ ಜಾರಿತು. ಅದನ್ನು ಹುಡುಕಲು ಹೋದ ಅವರ ಹೆಬ್ಬೆರಳು ಜಾಹೀರಾತಿನ ಮೇಲೆ ಬಿದ್ದು ಬೇರೊಂದು ಪುಟ ತೆರೆದುಕೊಂಡಿತು. ಹಿಂದಕ್ಕೆ ಬಂದರೆ ಎಲ್ಲವೂ ಮತ್ತೆ ಮೊದಲಿನಿಂದ ಆರಂಭವಾಯಿತು. ಮೂರನೆಯ ಸಲ ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಪಕ್ಕದ ಹುಡುಗನ ಕೈಗೆ ಮೊಬೈಲ್ ಕೊಟ್ಟು, "ಒಳಹರಿವು ಎಷ್ಟಂತೆ, ನೋಡಿ ಹೇಳಪ್ಪ" ಎಂದರು. ಆ ಸುದ್ದಿಯನ್ನು ಹಿಂದಿನ ರಾತ್ರಿ ತಿದ್ದಿದವನು ನಾನೇ. ಜಲಾಶಯದ ಗರಿಷ್ಠ ಮಟ್ಟ 2922 ಅಡಿ ಎಂಬುದನ್ನು ಸಹ ಎರಡು ಸಲ ತಾಳೆ ನೋಡಿ ಹಾಕಿದ್ದೆ. ಅಷ್ಟು ಜತನದಿಂದ ಸಿದ್ಧಪಡಿಸಿದ್ದು ಓದುವವರ ಕಣ್ಣಿಗೆ ನಿಲ್ಲಲಿಲ್ಲವಲ್ಲ ಎಂದು ಬಹಳ ನೋವಾಯಿತು.

ಈಗಿನ ತಾಣ ಮುದ್ರಿತ ಪುಟದ ಪಡಿಯಚ್ಚಿನಂತಿದೆ. ಮುಖಪುಟದಲ್ಲಿ ಮೂರು ಅಂಕಣಗಳು, ಮೇಲೆ ಓಡುವ ಸುದ್ದಿಸಾಲು, ಬದಿಯಲ್ಲಿ ಜಾಹೀರಾತು. ಮೊಬೈಲಿನಲ್ಲಿ ತಲೆಬರಹದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ, ಇಲ್ಲವೇ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಕಾಫಿ, ಕಾಳುಮೆಣಸು, ಆಲೂಗಡ್ಡೆ ಧಾರಣೆಗಳನ್ನು ದಿನವೂ ಚಿತ್ರವಾಗಿ ಹಾಕುತ್ತೇವೆ. 2011ಕ್ಕಿಂತ ಹಿಂದಿನ ಸುದ್ದಿಗಳೆಲ್ಲ ನುಡಿ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೆಯ ಅಕ್ಷರದಲ್ಲಿರುವುದರಿಂದ ಇಂದು ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಇ-ಪೇಪರ್ ಇರುವಾಗ ಇಷ್ಟೆಲ್ಲ ಏಕೆ ಎಂಬ ಮಾತೂ ಕಚೇರಿಯಲ್ಲಿದೆ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಚಿಕ್ಕಮಗಳೂರಿನ ವೆಬ್ ವಿನ್ಯಾಸಕಿ

ನಮಸ್ಕಾರ ಸರ್. ನನ್ನ ಸಲಹೆಯೇನೆಂದರೆ, ಮುಖಪುಟವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಒಂದೇ ಒಂದು ಸುದ್ದಿಯ ಪುಟವನ್ನು ಸರಿಯಾಗಿ ಕಟ್ಟಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಕೊಂಡಿಯನ್ನು ಒತ್ತಿದವರು ಮುಖಪುಟವನ್ನು ನೋಡದೆ ನೇರವಾಗಿ ಸುದ್ದಿಗೇ ಬಂದಿಳಿಯುತ್ತಾರೆ. ಬಸ್ ನಿಲ್ದಾಣದ ಆ ಹಿರಿಯರ ಅಂಗೈಯಲ್ಲಿದ್ದ ಪರದೆಯಲ್ಲಿ ಆ ಒಂದು ಪುಟ ಅಲುಗಾಡದೆ ನಿಂತು ಓದಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇ-ಪೇಪರ್ ಬಗ್ಗೆ ಕಚೇರಿಯವರಿಗೆ ಹೀಗೆ ಹೇಳಬಹುದು. ದೊಡ್ಡ ಹಾಳೆಗೆಂದು ಹೊಂದಿಸಿದ ಪುಟವನ್ನು ಆರು ಇಂಚಿನ ಪರದೆಯಲ್ಲಿ ಹಿಗ್ಗಿಸಿ, ಒಂದು ಅಂಕಣದ ಕೊನೆಗೆ ಇಳಿದು, ಮತ್ತೆ ಮುಂದಿನ ಅಂಕಣದ ತಲೆಗೆ ಏರುವುದು ಓದುವ ಕೆಲಸವಲ್ಲ, ಹುಡುಕುವ ಕೆಲಸ. ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿನ್ಯಾಸದ ವಿಚಾರವನ್ನು ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ಮುಂದಿಟ್ಟರು. ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾಸ್ಟನ್ ಗ್ಲೋಬ್ ಪತ್ರಿಕೆ ತನ್ನ ತಾಣವನ್ನು ಆ ಕ್ರಮದಲ್ಲೇ ಕಟ್ಟಿತು. ಮೊಬೈಲಿಗೆ ಬೇರೆ, ಕಂಪ್ಯೂಟರಿಗೆ ಬೇರೆ ಎಂದು ಎರಡು ತಾಣಗಳನ್ನು ಸಾಕುವ ಅಗತ್ಯ ಆಗಲೇ ಮುಗಿದಿತ್ತು. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಸಿಎಸ್‌ಎಸ್ ಗ್ರಿಡ್ ಎಂಬ ಅಂಕಣ ಜೋಡಣೆಯ ಸೌಲಭ್ಯ ಬಂದ ಮೇಲಂತೂ, ಮೊಬೈಲಿನಲ್ಲಿ ಒಂದು ಅಂಕಣವಾಗಿರುವ ಪುಟ ದೊಡ್ಡ ಪರದೆಯಲ್ಲಿ ಮೂರು ಅಂಕಣವಾಗುವಂತೆ ಮಾಡಲು ಹತ್ತಾರು ಸಾಲುಗಳ ಸಂಕೇತ ಸಾಕು.

ಒತ್ತಕ್ಷರದ ತೊಂದರೆಗೆ ಕಾರಣ ಸರಳವಾಗಿದೆ. ಸಿದ್ಧ ವಿನ್ಯಾಸಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿರುತ್ತಾರೆ, ತಲೆಬರಹಕ್ಕೆ ಅಕ್ಷರದ ಅಳತೆಯ 1.2 ಪಟ್ಟು ಮಾತ್ರ. ನಮ್ಮ "ಸ್ವಾತಂತ್ರ್ಯ", "ರಾಷ್ಟ್ರೀಯ" ಎಂಬ ಪದಗಳಲ್ಲಿ ಒಂದು ಅಕ್ಷರದ ಕೆಳಗೆ ಎರಡು ಒತ್ತುಗಳು ಇಳಿಯುತ್ತವೆ, ಮೇಲೆ ಗುಡಿಸು ಅಥವಾ ಏತ್ವ ಏರುತ್ತದೆ. ಸುದ್ದಿಯ ಒಡಲಿಗೆ 18 ಪಿಕ್ಸೆಲ್ ಅಕ್ಷರ ಮತ್ತು 1.7ರ ಅಂತರ, ತಲೆಬರಹಕ್ಕೆ 1.4ಕ್ಕಿಂತ ಕಡಿಮೆಯಿಲ್ಲದ ಅಂತರ ಕೊಟ್ಟು ನೋಡಿ; ಇವು ನಾನು ಬಳಸಿ ಒಪ್ಪಿಕೊಂಡ ಅಳತೆಗಳು. ತಲೆಬರಹದ ಚೌಕಕ್ಕೆ ಇಷ್ಟೇ ಎತ್ತರವೆಂದು ಕಟ್ಟು ಹಾಕಬೇಡಿ. ಹಾಗೆಯೇ ಸುದ್ದಿಯ ಸಾರಾಂಶವನ್ನು ಅಕ್ಷರ ಎಣಿಸಿ ಕತ್ತರಿಸುವ ತಂತ್ರಾಂಶವಿದ್ದರೆ ತೆಗೆದುಹಾಕಿ. ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಒತ್ತಕ್ಷರವೊಂದು ಹಲವು ಸಂಕೇತಗಳ ಸರಣಿಯಾದ್ದರಿಂದ "ವಿದ್ಯಾರ್ಥಿಗಳು" ಎಂಬ ಪದ "ವಿದ್" ಎಂದೋ "ವಿದ್ಯಾರ್" ಎಂದೋ ತುಂಡಾಗಿ ನಿಲ್ಲುತ್ತದೆ. ಎಷ್ಟು ಅಕ್ಷರ ಎನ್ನುವ ಬದಲು ಎಷ್ಟು ಸಾಲು ಎಂದು ಮಿತಿ ಹಾಕುವುದು ಮೇಲು.

ಎರಡೂ ಅಂಚು ಸಮವಾಗಿರುವ ಜೋಡಣೆ ಮುದ್ರಣಕ್ಕೆ ಚೆಂದ, ಮೊಬೈಲಿಗೆ ಅಲ್ಲ. "ಚನ್ನರಾಯಪಟ್ಟಣದಲ್ಲಿರುವ" ಎಂಬಂಥ ಪದ ಒಂದು ಸಾಲಿನ ಮುಕ್ಕಾಲು ಪಾಲನ್ನು ಹಿಡಿಯುತ್ತದೆ. ಅದು ಮುಂದಿನ ಸಾಲಿಗೆ ಹೋದರೆ ಹಿಂದೆ ಉಳಿದ ಎರಡು ಪದಗಳ ನಡುವೆ ಬಯಲೇ ಬೀಳುತ್ತದೆ. ಎಡ ಅಂಚಿಗೆ ಮಾತ್ರ ಜೋಡಿಸಿ.

ಫಾಂಟ್ ವಿಷಯದಲ್ಲಿ ಮಿತವ್ಯಯವಿರಲಿ. ಒತ್ತುಗಳು, ಕಾಗುಣಿತದ ರೂಪಗಳು ಎಲ್ಲ ಸೇರಿ ಕನ್ನಡ ಫಾಂಟ್ ಕಡತ ದೊಡ್ಡದಾಗಿಯೇ ಇರುತ್ತದೆ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ನೋಟೊ ಸಾನ್ಸ್ ಕನ್ನಡವೂ ವಿಂಡೋಸಿನಲ್ಲಿ ನಿರ್ಮಲಾ ಅಥವಾ ತುಂಗಾ ಕೂಡ ಮೊದಲೇ ಇರುವುದರಿಂದ, ಸುದ್ದಿಯ ಒಡಲಿಗೆ ಅವನ್ನೇ ಬಳಸಿ, ತಲೆಬರಹಕ್ಕೆ ಮಾತ್ರ ಬೇರೆ ಫಾಂಟನ್ನು ಇಳಿಸಿಕೊಳ್ಳುವಂತೆ ಮಾಡಿದರೆ ಮೂಡಿಗೆರೆಯ ತೋಟದೊಳಗೆ ಒಂದೇ ಕಡ್ಡಿ ಸಿಗ್ನಲ್ ಹಿಡಿದು ನಿಂತವರಿಗೂ ಅಕ್ಷರ ತಕ್ಷಣ ಕಾಣುತ್ತದೆ. ಕಡತವನ್ನು ಚಿಕ್ಕದು ಮಾಡಲು ಹೋಗಿ ಅದರೊಳಗಿನ ಅಕ್ಷರ ಜೋಡಣೆಯ ಕೋಷ್ಟಕಗಳನ್ನು ಕಿತ್ತುಹಾಕಬೇಡಿ, ಒತ್ತುಗಳೆಲ್ಲ ಬಿಡಿಬಿಡಿಯಾಗಿ ಹಲಂತದೊಡನೆ ಸಾಲಾಗಿ ನಿಲ್ಲುತ್ತವೆ. ದಪ್ಪ ಅಕ್ಷರ ಬೇಕಿದ್ದರೆ ದಪ್ಪಕ್ಕೆಂದೇ ರೂಪಿಸಿದ ಫಾಂಟ್ ಇರಬೇಕು. ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆಯನ್ನು ಊದಿಸಿ "ಥ", "ಧ"ಗಳ ಹೊಟ್ಟೆಯೊಳಗಿನ ಚುಕ್ಕೆ, ಗೆರೆಗಳನ್ನು ಮುಚ್ಚಿಬಿಡುತ್ತದೆ.

ಪುಟ ಜಾರುವುದನ್ನು ಕೂಡಲೇ ನಿಲ್ಲಿಸಬಹುದು. ಪ್ರತಿ ಚಿತ್ರದ ಟ್ಯಾಗಿನಲ್ಲಿ, ಅಂದರೆ ಅದನ್ನು ಪುಟಕ್ಕೆ ತರುವ ಸಂಕೇತದಲ್ಲಿ, ಅಗಲ, ಎತ್ತರಗಳನ್ನು ಬರೆದರೆ ಚಿತ್ರ ಬರುವ ಮೊದಲೇ ಬ್ರೌಸರ್ ಅದರ ಜಾಗವನ್ನು ಕಾದಿರಿಸುತ್ತದೆ. ಈ ಜಾರುವಿಕೆಯ ಮಾಪನ 0.1ರ ಒಳಗಿರಬೇಕು, ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಮಟ್ಟ.

ಉತ್ತರ 2: ಅರಸೀಕೆರೆಯ ನಿವೃತ್ತ ಪುಟ ವಿನ್ಯಾಸಕ

ಪತ್ರಿಕಾ ಕಚೇರಿಗಳಲ್ಲಿ ಬಹುಕಾಲ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದವನು ನಾನು. ನುಡಿಯ ವಿಷಯವನ್ನಷ್ಟೇ ಹೇಳುತ್ತೇನೆ. ಹಳೆಯ ನುಡಿ ಕಡತದಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಹಾಗಾಗಿ ಫಾಂಟ್ ತೆಗೆದರೆ "ಹಾಸನ" ಎಂಬ ಪದ ಪೌಂಡ್ ಚಿಹ್ನೆಯೂ ನೆತ್ತಿಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ "ಎ"ಗಳೂ ಸೇರಿದ ಒಂದು ಸಾಲಾಗಿ ಕಾಣುತ್ತದೆ. ಆ ಕಾಲದ ಎಷ್ಟೋ ತಾಣಗಳು ಜೊತೆಗೆ ಕಳುಹಿಸುತ್ತಿದ್ದ ಇಒಟಿ ಬಗೆಯ ಫಾಂಟನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ ಓದುತ್ತಿತ್ತು, ಅದನ್ನೂ ಮೈಕ್ರೋಸಾಫ್ಟ್ 2022ರ ಜೂನಿನಲ್ಲಿ ನಿಲ್ಲಿಸಿತು.

ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಬದಲಿಸಿದ್ದನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಆಕಾರಗಳು ಕೂರುತ್ತವೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ. "ವರ್ಷ" ಎಂಬಲ್ಲಿ ನುಡಿಗೆ ಮೊದಲು "ಷ", ಆಮೇಲೆ ಅರ್ಕಾವತ್ತು. ಯೂನಿಕೋಡಿಗೆ ಮೊದಲು "ರ್", ಆಮೇಲೆ "ಷ". "ದೃಷ್ಟಿ" ಎಂಬಲ್ಲಿ ನುಡಿಯಲ್ಲಿ "ಷಿ" ಕೂತ ಮೇಲೆ "ಟ"ದ ಒತ್ತು ಬರುತ್ತದೆ. ಅರ್ಕಾವತ್ತು, ಒತ್ತು ಮತ್ತು ಗುಣಿತ ಒಟ್ಟಿಗೆ ಬಂದ ಕಡೆಗಳನ್ನು ಮೊದಲು ಪರೀಕ್ಷಿಸಿ. ವರದಿಯ ನಡುವಿನ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುವುದುಂಟು.

ಇಂದಿನಿಂದ ಮುಂದಕ್ಕೆ ಹರಿವಿನ ದಿಕ್ಕನ್ನೇ ತಿರುಗಿಸಿ. ವರದಿಗಾರರು ಯೂನಿಕೋಡಿನಲ್ಲೇ ಬರೆಯಲಿ, ತಾಣಕ್ಕೆ ಅದು ಹಾಗೆಯೇ ಹೋಗಲಿ, ಮುದ್ರಣದ ಪುಟಕ್ಕೆ ಬೇಕಿದ್ದರೆ ಅಲ್ಲಿ ನುಡಿಗೆ ಬದಲಾಗಲಿ. ಈಗಿನ ಇನ್‌ಡಿಸೈನ್‌ನಲ್ಲಿ (ಇದೂ ಪುಟ ಕಟ್ಟುವ ತಂತ್ರಾಂಶವೇ) ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಂಡರೆ ಯೂನಿಕೋಡ್ ಕನ್ನಡವೇ ಸರಿಯಾಗಿ ಕೂರುವುದರಿಂದ ಆ ಬದಲಾವಣೆಯೂ ಬೇಡವಾಗಬಹುದು.

ವಿನ್ಯಾಸಕಿಯವರ ಒಂದು ಮಾತಿಗೆ ಮಾತ್ರ ನನ್ನ ಅರೆ ಒಪ್ಪಿಗೆ. ಮುಖಪುಟವನ್ನು ಕೊನೆಗೆ ಮಾಡಿ, ಆದರೆ ಹಗುರವಾಗಿ ಮಾಡಬೇಡಿ. ಯಾವ ಸುದ್ದಿ ಮೇಲಿರಬೇಕು, ಯಾವುದು ಪತ್ರಿಕೆ ಮಡಚುವ ಗೆರೆಯ ಕೆಳಗೆ ಹೋಗಬೇಕು ಎಂದು ಪ್ರತಿ ರಾತ್ರಿ ಸುದ್ದಿಮನೆಯಲ್ಲಿ ಚರ್ಚಿಸುತ್ತಿದ್ದೆವು. ಹೊಸದು ಬಂದಂತೆಲ್ಲ ಹಳೆಯದು ಕೆಳಗೆ ಇಳಿಯುವ ತಾಣದಲ್ಲಿ, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತ ಸುದ್ದಿ ಒಂದು ಸನ್ಮಾನ ಸಮಾರಂಭದ ಕೆಳಗೆ ಮರೆಯಾಗುತ್ತದೆ. ಮೇಲಿನ ಮೂರು ಸ್ಥಾನಗಳಾದರೂ ಸಂಪಾದಕರ ಕೈಯಲ್ಲಿರಲಿ.

ಉತ್ತರ 3: ಕಡೂರಿನ ಶಿಕ್ಷಕ

ನನಗೆ ದೃಷ್ಟಿಯಿಲ್ಲ, ಪತ್ರಿಕೆಗಳನ್ನು ಮೊಬೈಲಿನ ಟಾಕ್‌ಬ್ಯಾಕ್ ಮತ್ತು ಕಂಪ್ಯೂಟರಿನ ಎನ್‌ವಿಡಿಎ ತಂತ್ರಾಂಶಗಳ ದನಿಯಲ್ಲಿ ಕೇಳುತ್ತೇನೆ. ಧಾರಣೆಯನ್ನು ಚಿತ್ರವಾಗಿ ಹಾಕಿದರೆ ನನಗೆ ಕೇಳುವುದು "ಚಿತ್ರ" ಎಂಬ ಒಂದು ಪದ ಮಾತ್ರ. ನಮ್ಮ ಮನೆಯವರಿಗೆ ಸ್ವಲ್ಪ ಕಾಫಿ ತೋಟವಿದೆ; 50 ಕೆ.ಜಿ. ಚೀಲಕ್ಕೆ ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು, ರೋಬಸ್ಟಾ ಚೆರಿ ಎಷ್ಟು ಎಂದು ತಿಳಿಯಲು ಪ್ರತಿದಿನ ಇನ್ನೊಬ್ಬರನ್ನು ಕೇಳಬೇಕು. ಅದೇ ಮಾಹಿತಿಯನ್ನು ನಿಜವಾದ ಟೇಬಲ್ ಆಗಿ ಬರೆದು, ಸಾಲು ಮತ್ತು ಕಂಬಗಳ ಶೀರ್ಷಿಕೆಗಳನ್ನು ಶೀರ್ಷಿಕೆಯ ಟ್ಯಾಗಿನಲ್ಲೇ ಕೊಟ್ಟರೆ, ಪ್ರತಿ ಬೆಲೆಯೊಂದಿಗೆ ಅದು ಯಾವುದರ ಬೆಲೆ ಎಂಬುದೂ ನನಗೆ ಕೇಳಿಸುತ್ತದೆ. ಆ ಟೇಬಲನ್ನು ಹುಡುಕಾಟದಲ್ಲೂ ಪತ್ತೆ ಮಾಡಬಹುದು, ನಕಲು ಮಾಡಿ ಇನ್ನೊಬ್ಬರಿಗೆ ಕಳುಹಿಸಲೂಬಹುದು.

ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನ ಮೊದಲ ಟ್ಯಾಗಿನಲ್ಲೇ ಹೇಳಿ. ಎಷ್ಟೋ ಕನ್ನಡ ತಾಣಗಳು ಅಲ್ಲಿ ಇಂಗ್ಲಿಷ್ ಎಂದೇ ಬಿಟ್ಟಿರುವುದರಿಂದ ಓದುವ ದನಿ ಗೊಂದಲಕ್ಕೆ ಬೀಳುತ್ತದೆ. ಸುದ್ದಿಯ ಶೀರ್ಷಿಕೆ ನಿಜವಾದ ಶೀರ್ಷಿಕೆಯ ಟ್ಯಾಗಿನಲ್ಲಿರಬೇಕು, ಬರಿಯ ದಪ್ಪ ಅಕ್ಷರದಲ್ಲಲ್ಲ. ನಾನು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾ ಪತ್ರಿಕೆಯನ್ನು ತಿರುವಿಹಾಕುತ್ತೇನೆ. ಪ್ರತಿ ಸುದ್ದಿಯ ಕೆಳಗಿರುವ "ಇನ್ನಷ್ಟು ಓದಿ" ಎಂಬ ಕೊಂಡಿಯನ್ನು ದಯವಿಟ್ಟು ತೆಗೆಯಿರಿ. ಕೊಂಡಿಗಳ ಪಟ್ಟಿ ಕೇಳಿದರೆ ಆ ಎರಡು ಪದಗಳೇ ನಲವತ್ತು ಸಲ ಕೇಳಿಸುತ್ತವೆ. ತಲೆಬರಹವೇ ಕೊಂಡಿಯಾಗಿರಲಿ. ಕಣ್ಣು ಮಂಜಾದ ನನ್ನ ತಾಯಿಯ ಪರವಾಗಿ ಇನ್ನೊಂದು ಮಾತು: ಬೂದು ಬಣ್ಣದ ಸಣ್ಣ ಅಕ್ಷರ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವ್ಯತ್ಯಾಸವಿರಬೇಕೆಂದು ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಿಂದಲೇ ಹೇಳುತ್ತಿದೆ.

ಪ್ರಶ್ನೆ ಕೇಳಿದವರಿಂದ: ಹಾಸನದ ಉಪಸಂಪಾದಕ

ಎಲ್ಲರಿಗೂ ಕೃತಜ್ಞತೆಗಳು. ಶಿಕ್ಷಕರ ಮಾತನ್ನು ಓದಿದ ಸಂಜೆಯೇ ಧಾರಣೆಯನ್ನು ಟೇಬಲ್ ಆಗಿ ಹಾಕಿದೆ. ಚಿತ್ರ ಮಾಡಿಸುವುದಕ್ಕಿಂತ ಬೇಗ ಮುಗಿಯಿತು. ಸಾಲಿನ ಅಂತರವನ್ನು 1.7ಕ್ಕೆ ಏರಿಸಿ ಅದೇ ಹೇಮಾವತಿ ವರದಿಯನ್ನು ನಮ್ಮ ಅಚ್ಚುಕೂಟದ ಹಿರಿಯ ಕೆಲಸಗಾರರ ಮೊಬೈಲಿನಲ್ಲಿ ತೆರೆದು ಕೊಟ್ಟಾಗ ಅವರು ತೋಳು ಚಾಚದೆ, ಕೊನೆಯವರೆಗೂ ತಾವೇ ಓದಿದರು. ಇನ್ನು ಎರಡು ತೊಡಕುಗಳಿವೆ. ಜಾಹೀರಾತು ನಮಗೆ ಅನ್ನ ಕೊಡುತ್ತದೆ, ಅದನ್ನು ಎಲ್ಲಿಡಬೇಕು? ಸುದ್ದಿಯ ವಿಳಾಸವನ್ನು ಕನ್ನಡದಲ್ಲೇ ಇಡಬಹುದೇ?

ಉತ್ತರ 4: ಚಿಕ್ಕಮಗಳೂರಿನ ವೆಬ್ ವಿನ್ಯಾಸಕಿ

ಜಾಹೀರಾತಿಗೂ ಚಿತ್ರದಂತೆಯೇ ಮೊದಲೇ ಎತ್ತರ ಕಾದಿರಿಸಿ, ಜಾಹೀರಾತು ಬಾರದ ದಿನವೂ ಆ ಜಾಗ ಮುಚ್ಚಿಕೊಳ್ಳದಿರಲಿ. ಮೊದಲ ಎರಡು ಪ್ಯಾರಾಗಳಾದ ಮೇಲೆ ಒಂದು, ಸುದ್ದಿ ಮುಗಿದ ಮೇಲೆ ಒಂದು ಇರಬಹುದು. ಪರದೆಯ ತಳಕ್ಕೆ ಅಂಟಿಕೊಂಡು ಸಾಲುಗಳನ್ನು ಮುಚ್ಚುವ ಬಗೆಯದನ್ನು ಬಿಟ್ಟುಬಿಡಿ, ಬಸ್ ನಿಲ್ದಾಣದ ಆ ಹೆಬ್ಬೆರಳು ಮತ್ತೆ ಅದರ ಮೇಲೇ ಬೀಳುತ್ತದೆ.

ಕನ್ನಡದ ವಿಳಾಸ ಬ್ರೌಸರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ತೊಂದರೆ ಹಂಚುವಾಗ. ಕನ್ನಡದ ಪ್ರತಿ ಸಂಕೇತ ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್, ವಿಳಾಸದಲ್ಲಿ ಪ್ರತಿ ಬೈಟಿಗೆ ಶೇಕಡ ಚಿಹ್ನೆ ಸೇರಿ ಮೂರು ಅಕ್ಷರ. "ಹಾಸನ" ಎಂಬುದರಲ್ಲಿ ನಾಲ್ಕು ಸಂಕೇತಗಳಿರುವುದರಿಂದ ಅದೊಂದೇ ಪದ 36 ಅಕ್ಷರಗಳಷ್ಟು ಉದ್ದವಾಗುತ್ತದೆ. ಇಡೀ ತಲೆಬರಹವಾದರೆ ವಾಟ್ಸ್‌ಆ್ಯಪ್ ಸಂದೇಶ ತುಂಬಿಹೋಗುತ್ತದೆ. ದಿನಾಂಕ ಮತ್ತು ಸುದ್ದಿಯ ಕ್ರಮಸಂಖ್ಯೆ ಇರುವ ಚಿಕ್ಕ ವಿಳಾಸ ಸಾಕು. ಹಳೆಯ ವಿಳಾಸಗಳನ್ನು ಮಾತ್ರ ಸಾಯಲು ಬಿಡಬೇಡಿ. ಪ್ರತಿಯೊಂದರಿಂದಲೂ ಹೊಸದಕ್ಕೆ 301ರ ಶಾಶ್ವತ ಮರುನಿರ್ದೇಶನ ಹಾಕಬೇಕು, ನುಡಿಯಿಂದ ಬದಲಿಸಿದ ಹಳೆಯ ಸುದ್ದಿಗಳಿಗೂ ಸೇರಿ. ಸರ್ವರ್ ದಾಖಲೆಯಿಂದ ಹಳೆಯ ಕೊಂಡಿಗಳ ಪಟ್ಟಿಯನ್ನು ತೆಗೆದು ಇಲ್ಲಿ ಹಾಕಿದರೆ ಅದಕ್ಕೆ ಬೇಕಾದ ನಿಯಮಗಳನ್ನು ನಾನು ಬರೆದುಕೊಡುತ್ತೇನೆ.