ಹಿಮ ಕರಗಿಸುವ ಆಟಗಳಿಂದ ಮಕ್ಕಳು ಧ್ರುವಪ್ರದೇಶದ ರಕ್ಷಣೆಯನ್ನು ಕಲಿಯುತ್ತಾರೆಯೇ?

ಶಾಲಿನಿ ಟೀಚರ್: ಆರನೆಯ ತರಗತಿಯ ಮಕ್ಕಳಿಗೆ ಕಳೆದ ವಾರ ‘ಪೆಂಗ್ವಿನ್ ವಾಚ್’ ಜಾಲತಾಣವನ್ನು ತೋರಿಸಿದೆ. ಅಂಟಾರ್ಕ್ಟಿಕದಲ್ಲಿ ಸಂಶೋಧಕರು ನಿಲ್ಲಿಸಿರುವ ಕ್ಯಾಮೆರಾಗಳ ಚಿತ್ರಗಳಲ್ಲಿ ದೊಡ್ಡ ಹಕ್ಕಿ, ಮರಿ, ಮೊಟ್ಟೆಗಳನ್ನು ಹುಡುಕಿ ಗುರುತು ಹಾಕುವುದಷ್ಟೇ ಅಲ್ಲಿನ ಕೆಲಸ. ಬಂಡೆಯ ನೆರಳನ್ನು ಮರಿಯೆಂದು ಎಣಿಸಿದ ಹುಡುಗನನ್ನು ಪಕ್ಕದ ಹುಡುಗಿ ತಿದ್ದಿದಳು. ಅನಂತರ ಒಂದು ಮೊಬೈಲ್ ಆಟವನ್ನೂ ಆಡಿಸಿದೆ. ಅದರಲ್ಲಿ ಸಮುದ್ರದಲ್ಲಿ ತೇಲುವ ಹಿಮ ಕರಗಿದಂತೆಲ್ಲ ಕರಾವಳಿಯ ಊರು ಮುಳುಗುತ್ತದೆ. ಪಠ್ಯಪುಸ್ತಕಕ್ಕಿಂತ ಇವುಗಳಿಂದಲೇ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ಅನುಭವ.

ಭೌತವಿಜ್ಞಾನಿ ಅಲ್ಲದವ: ‘ತೇಲುವ ಹಿಮ ಕರಗಿದಂತೆಲ್ಲ ಊರು ಮುಳುಗುತ್ತದೆ’ ಎಂದು ಕಲಿಸುವುದಾದರೆ ಆ ಆಟವನ್ನು ಆಡಿಸದಿರುವುದೇ ಮೇಲು. ತೇಲುವ ಹಿಮ ತನ್ನ ತೂಕದಷ್ಟು ನೀರನ್ನು ಆಗಲೇ ಪಕ್ಕಕ್ಕೆ ಸರಿಸಿರುತ್ತದೆ. ಕರಗಿದ ಮೇಲೆ ಮಟ್ಟ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಏರಿಸುವುದು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ನೆಲದ ಮೇಲೆ ಕುಳಿತಿರುವ ಹಿಮ.

ಕಾರವಾರದ ಕಡಲು: ‘ಕೂದಲೆಳೆಯಷ್ಟೂ’ ಎಂಬ ಮಾತು ತಪ್ಪು. ನೀರ್ಗಲ್ಲು ಸಿಹಿನೀರಿನದು, ಸಮುದ್ರ ಉಪ್ಪುನೀರಿನದು. ಉಪ್ಪುನೀರು ಹೆಚ್ಚು ಸಾಂದ್ರವಾದ್ದರಿಂದ ಕರಗಿದ ನೀರಿನ ಸುಮಾರು ಶೇಕಡಾ 2.5ರಷ್ಟು ಹೆಚ್ಚುವರಿ ಜಾಗ ಬೇಕಾಗುತ್ತದೆ. ಶಾಲೆಯ ಪುಸ್ತಕದ ಆರ್ಕಿಮಿಡೀಸನನ್ನು ಸಮುದ್ರಕ್ಕೆ ತಳ್ಳುವ ಮುನ್ನ ಉಪ್ಪಿನ ಲೆಕ್ಕ ಹಾಕಿಕೊಳ್ಳಿ.

ಭೌತವಿಜ್ಞಾನಿ ಅಲ್ಲದವ: ‘ಸಿಹಿನೀರಿನದು’ ಎಂದಿರಿ. ಸಮುದ್ರವೇ ಹೆಪ್ಪುಗಟ್ಟಿ ಆದ ಹಿಮದಲ್ಲಿ ಒಂದಿಷ್ಟು ಉಪ್ಪು ಉಳಿದಿರುತ್ತದೆಯೆಂಬುದನ್ನು ಮರೆಮಾಚಿ ಲೆಕ್ಕ ಹೇಳುವುದು ಯಾವ ಪ್ರಾಮಾಣಿಕತೆ? ನಿಮ್ಮ ಶೇಕಡಾ 2.5 ಅಷ್ಟಾಗಿ ಉಳಿಯುವುದಿಲ್ಲ.

ಕಾರವಾರದ ಕಡಲು: ಹಾಗಾದರೆ ಅದು ಸೊನ್ನೆ ಅಲ್ಲವೆಂದು ನೀವೇ ಒಪ್ಪಿದಂತಾಯಿತು. ಧನ್ಯವಾದ.

ಭೌತವಿಜ್ಞಾನಿ ಅಲ್ಲದವ: ನಾನು ಏನನ್ನೂ ಒಪ್ಪಿಲ್ಲ. ಊರು ಮುಳುಗಿಸುವ ಏರಿಕೆಗೂ ಲೋಟದ ಅಂಚಿನ ಏರಿಕೆಗೂ ವ್ಯತ್ಯಾಸ ತಿಳಿಯದವರೊಡನೆ ವಾದಿಸುವುದು ವ್ಯರ್ಥ.

ನಿವೃತ್ತ ಗುಮಾಸ್ತ: ಲೋಟದ ಜಗಳದಲ್ಲಿ ಶೀರ್ಷಿಕೆಯ ‘ರಕ್ಷಣೆ’ ಎಂಬ ಪದವೇ ಕಳೆದುಹೋಗಿದೆ. ಪೆಂಗ್ವಿನ್ ಎಣಿಸಿದ ಮಾತ್ರಕ್ಕೆ ಅಂಟಾರ್ಕ್ಟಿಕ ಉಳಿದಿಲ್ಲ. ಅಂಟಾರ್ಕ್ಟಿಕದ ಬಗ್ಗೆ ದೇಶಗಳು ಮಾಡಿಕೊಂಡ 1959ರ ಒಪ್ಪಂದ, ಅದಕ್ಕೆ 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿಸಿದ ಪರಿಸರ ರಕ್ಷಣೆಯ ನಿಯಮಾವಳಿ (ಪ್ರೋಟೋಕಾಲ್), ಅದರಲ್ಲಿರುವ ಖನಿಜ ತೆಗೆಯುವ ನಿಷೇಧ, ಇವು ಉಳಿಸಿವೆ. ಅಲ್ಲಿ ನೆಲೆ ಹೂಡಿದ ದೇಶಗಳು ತಮ್ಮ ಕಸದ ಬಹುಭಾಗವನ್ನು ಮರಳಿ ಹೊತ್ತು ತರಬೇಕು. ಮೈತ್ರಿ ಮತ್ತು ಭಾರತಿ ನೆಲೆಗಳನ್ನು ನಡೆಸುವ ನಮ್ಮ ದೇಶಕ್ಕೂ ಈ ನಿಯಮ ತಪ್ಪಿದ್ದಲ್ಲ. ಕಸ ವಿಂಗಡಿಸಿ ಹಡಗಿಗೆ ಏರಿಸುವ ಆಟವನ್ನು ಯಾರಾದರೂ ಮಾಡಿದ್ದಾರೆಯೇ?

ಶಾಲಿನಿ ಟೀಚರ್: ‘ಎಣಿಸಿದ ಮಾತ್ರಕ್ಕೆ’ ಎಂದು ಹಗುರಾಗಿ ಹೇಳಬೇಡಿ. ಹಕ್ಕಿಗಳು ಹೆಚ್ಚುತ್ತಿವೆಯೋ ಕುಗ್ಗುತ್ತಿವೆಯೋ ತಿಳಿಯದೆ ಯಾವ ಕಾನೂನೂ ಎಲ್ಲಿ ಬಿಗಿಯಾಗಬೇಕೆಂದು ನಿರ್ಧರಿಸಲಾರದು. ಸಾವಿರಾರು ಚಿತ್ರಗಳನ್ನು ಕೆಲವೇ ಸಂಶೋಧಕರು ನೋಡಿ ಮುಗಿಸಲಾರರೆಂದೇ ಆ ಕೆಲಸವನ್ನು ಜನರಿಗೆ ಬಿಟ್ಟಿದ್ದಾರೆ.

ಮೊಬೈಲ್ ಬೇಡ: ‘ಜನರಿಗೆ’ ಎಂದರೆ ಹನ್ನೊಂದು ವರ್ಷದವರ ಕೈಗೆ ಫೋನ್ ಕೊಡುವುದೇ? ಪೆಂಗ್ವಿನ್ನಿನ ಹೆಸರಿನಲ್ಲಿ ಚಟ ಹಿಡಿಸುತ್ತಿದ್ದೀರಿ. ನನ್ನ ಮಗಳ ಆಟವೊಂದರಲ್ಲಿ ಹಿಮಕರಡಿಯೂ ಪೆಂಗ್ವಿನ್ನೂ ಒಂದೇ ಹಿಮದ ಹಲಗೆಯ ಮೇಲೆ ಕುಣಿಯುತ್ತಿದ್ದವು. ಒಂದು ಉತ್ತರ ಧ್ರುವದ ಕಡೆಯದು, ಇನ್ನೊಂದು ದಕ್ಷಿಣದ್ದು.

ಶಾಲಿನಿ ಟೀಚರ್: ಫೋನ್ ಅಲ್ಲ, ತರಗತಿಯ ಒಂದೇ ಕಂಪ್ಯೂಟರ್. ಮೊಬೈಲ್ ಆಟವನ್ನೂ ಅದರ ಪರದೆಗೇ ಜೋಡಿಸಿದ್ದೆ. ಅಂದಹಾಗೆ, ಮೇಲಿನ ವಾದವನ್ನು ಓದಿ ನಿನ್ನೆ ಮಕ್ಕಳೇ ಎರಡು ಗಾಜಿನ ಲೋಟಗಳಿಗೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಒಂದರಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಉಪ್ಪುನೀರು ಹಾಕಿ, ಐಸ್ ತೇಲಿಬಿಟ್ಟು ಕಾದರು.

ಭೌತವಿಜ್ಞಾನಿ ಅಲ್ಲದವ: ಬರಿಯ ನೀರಿನ ಲೋಟದಲ್ಲಿ ಮಟ್ಟ ಏರಲಿಲ್ಲ ತಾನೇ?

ಕಾರವಾರದ ಕಡಲು: ಉಪ್ಪುನೀರಿನ ಲೋಟದಲ್ಲಿ ನೀರು ಗೆರೆಯನ್ನು ದಾಟಿತೇ ಇಲ್ಲವೇ, ಅದನ್ನು ಮೊದಲು ಹೇಳಿ.