ಯಾವ ಊರಿಂದ ಎಷ್ಟು ಮಕ್ಕಳು ಡಿಗ್ರಿಗೆ ಹೋಗ್ತಾರೆ? ಲೆಕ್ಕ ಹಾಕೋದು ಹೇಗೆ?

ಸುರಪುರದವನು:
ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು ನಮ್ಮದು. ನಮ್ಮ ಹೋಬಳಿಯಲ್ಲಿ ಯಾವ ಊರಿಂದ ಎಷ್ಟು ಹುಡುಗರು, ಹುಡುಗಿಯರು ಡಿಗ್ರಿಗೆ ಸೇರ್ತಾರೆ ಅಂತ ನೋಡಬೇಕು ಅಂತ ನಾಲ್ಕು ಗೆಳೆಯರು ಕೂತಿದ್ದೇವೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ ಎಐಎಸ್‌ಎಚ್‌ಇ ವರದಿಯಲ್ಲಿ 2021-22ಕ್ಕೆ ದೇಶದ ಜಿಇಆರ್ (18ರಿಂದ 23 ವಯಸ್ಸಿನ ನೂರು ಜನಕ್ಕೆ ಕಾಲೇಜಲ್ಲಿ ಓದ್ತಿರೋರು ಎಷ್ಟು ಅನ್ನೋ ಲೆಕ್ಕ) 28.4, ಕರ್ನಾಟಕದ್ದು 36.2 ಅಂತಿದೆ. ಬೆಳಿಗ್ಗೆ ಏಳೂವರೆ ಬಸ್ಸಿಗೆ ನಮ್ಮೂರಲ್ಲಿ ನಿಲ್ಲೋರನ್ನು ನೋಡಿದರೆ ಈ ಸಂಖ್ಯೆ ನಮ್ಮದು ಅನ್ಸೋದೇ ಇಲ್ಲ. ತಾಲ್ಲೂಕಿನ ಕಾಲೇಜುಗಳಲ್ಲಿ ಇರೋರನ್ನು ಎಣಿಸಿ, 18ರಿಂದ 23 ವಯಸ್ಸಿನವರ ಸಂಖ್ಯೆಯಿಂದ ಭಾಗಿಸಿದರೆ ಆಯ್ತಲ್ವಾ?

ಕಲಬುರಗಿ ಲೆಕ್ಕಿಗ:
ಆಗಲ್ಲ. ನೀವು ಎಣಿಸ್ತಿರೋದು ಕಾಲೇಜನ್ನು, ಊರನ್ನಲ್ಲ. ಕೇಂದ್ರೀಯ ವಿಶ್ವವಿದ್ಯಾಲಯ ಇರೋದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ಓದೋರು ಬೇರೆ ರಾಜ್ಯಗಳಿಂದಲೂ ಬರ್ತಾರೆ. ನಿಮ್ಮ ಲೆಕ್ಕ ಹಿಡಿದರೆ ರಾಜ್ಯದಲ್ಲೇ ಅತಿ ಹೆಚ್ಚು ಓದಿದ ಊರು ಕಡಗಂಚಿ! ಈ ಕಡೆ ಬೀದರಿಂದ ಹೈದರಾಬಾದಿಗೋ ಲಾತೂರಿಗೋ ಹೋದ ಹುಡುಗ ಎಲ್ಲೂ ಸಿಗಲ್ಲ.

ಇಂಗ್ಲೆಂಡಿನಲ್ಲಿ ಪೋಲಾರ್ ಅಂತ ಒಂದು ಅಳತೆ ಇದೆ. ಅಲ್ಲಿ ಹುಡುಗ ಯಾವ ಊರಿನ ಕಾಲೇಜು ಸೇರಿದ ಅನ್ನೋದು ಲೆಕ್ಕಕ್ಕಿಲ್ಲ. ಸೇರೋ ಮೊದಲು ಅವನ ಮನೆ ಯಾವ ಪ್ರದೇಶದಲ್ಲಿತ್ತು ಅಂತ ಪಿನ್‌ಕೋಡ್ ಥರದ್ದರಿಂದ ಹಿಡೀತಾರೆ. ಆ ಪ್ರದೇಶದ ಮಕ್ಕಳಲ್ಲಿ 18 ಅಥವಾ 19ರ ಹೊತ್ತಿಗೆ ಸೇರಿದವರು ಎಷ್ಟು ಪಾಲು ಅಂತ ನೋಡಿ, ಪ್ರದೇಶಗಳನ್ನು ಐದು ಗುಂಪು ಮಾಡ್ತಾರೆ. ನಾಲ್ಕನೇ ಆವೃತ್ತಿಯಲ್ಲಿ ಐದು ವರ್ಷದ ಬ್ಯಾಚ್ ಒಟ್ಟಿಗೆ ಸೇರಿಸಿದ್ದಾರೆ. ಒಂದು ಊರಲ್ಲಿ ಹತ್ತೇ ಮಕ್ಕಳಿದ್ದರೆ ಒಬ್ಬ ಸೇರಿದರೂ ಬಿಟ್ಟರೂ ಶೇ 10 ಅಲ್ಲಾಡುತ್ತೆ, ಅದಕ್ಕೆ.

ಇನ್ನೊಂದು, ಜಿಇಆರ್ 36 ಅಂದರೆ ನೂರಕ್ಕೆ 36 ಮಂದಿ ಕಾಲೇಜು ಮೆಟ್ಟಿಲು ಹತ್ತಿದರು ಅಂತಲ್ಲ. ಭಾಗಿಸೋದು ಆರು ವರ್ಷದ ವಯಸ್ಸಿನಿಂದ, ಡಿಗ್ರಿ ಇರೋದು ಮೂರೇ ವರ್ಷ. ಊರಿನ ಎಲ್ಲರೂ ಮೂರು ವರ್ಷ ಓದಿ ನಿಲ್ಲಿಸಿದರೂ ಅದು 50ರ ಹತ್ತಿರವೇ ನಿಲ್ಲುತ್ತೆ. ನಿಮ್ಮ ಬಸ್‌ಸ್ಟಾಪ್ ಲೆಕ್ಕಕ್ಕೂ ಅದಕ್ಕೂ ತಾಳೆ ಆಗದೇ ಇರೋದು ಸಹಜ.

ಭಾಲ್ಕಿ ಟೀಚರ್:
ನಾನು ಎಸ್ಸೆಸ್ಸೆಲ್ಸಿ ರಿಜಿಸ್ಟರ್ ಹಿಡಿದು ಒಮ್ಮೆ ಹೀಗೆ ಮಾಡಲು ಹೋಗಿದ್ದೆ. ಹೆಸರಿನ ಮುಂದೆ 'ಟಿ.ಸಿ. ಪಡೆದಿದ್ದಾರೆ' ಅಂತ ಬರೆದು ಸಹಿ, ಅಲ್ಲಿಗೆ ಕಥೆ ಮುಗೀತು. ಮುಂದಿನದ್ದಕ್ಕೆ ಒಬ್ಬೊಬ್ಬರ ಮನೆಗೆ ಫೋನ್ ಮಾಡಬೇಕು. ಒಬ್ಬ ತಾಯಿ "ಹೆಸರು ಹಚ್ಯಾಳ್ರಿ, ಹೋಗಂಗಿಲ್ಲ. ಪರೀಕ್ಷಾಕ್ಕ ಹೋಗ್ತಾಳ" ಅಂದರು. ಅವಳನ್ನು ಯಾವ ಕಾಲಂಗೆ ಹಾಕಲಿ? ನಾನು 'ಸೇರಿದ್ದಾಳೆ' ಅಂತ ಹಾಕಿದೆ, ಈಗಲೂ ಸರಿಯೋ ತಪ್ಪೋ ಗೊತ್ತಿಲ್ಲ.

ಆದರೆ ನೀವು ಎಸ್ಸೆಸ್ಸೆಲ್ಸಿಯಿಂದ ಶುರು ಮಾಡಬೇಡಿ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು ಶೇ 52, ರಾಜ್ಯದಲ್ಲೇ ಕಡಿಮೆ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಎಂಟಕ್ಕೇ ಶಾಲೆ ಬಿಟ್ಟ ಮಕ್ಕಳು ಹತ್ತನೇ ಕ್ಲಾಸಿನ ಪಟ್ಟಿಯಲ್ಲೇ ಇರಲ್ಲ. ಅವರನ್ನು ಬಿಟ್ಟು ಭಾಗಿಸಿದರೆ ನಿಮ್ಮೂರು ಸುಮ್ನೆ ಚೆನ್ನಾಗಿ ಕಾಣುತ್ತೆ.

ಸುರಪುರದವನು:
ಇದು ಹೊಳೆದೇ ಇರಲಿಲ್ಲ. ಹಾಗಾದರೆ ಎಂಟನೇ ಕ್ಲಾಸ್ ಹಾಜರಿಯಿಂದ ಶುರು. 2016-17ರಲ್ಲಿ ಎಂಟರಲ್ಲಿದ್ದವರು 2021-22ಕ್ಕೆ ಡಿಗ್ರಿ ಮೊದಲ ವರ್ಷದಲ್ಲಿರಬೇಕು, ಆ ಬ್ಯಾಚ್ ಹಿಡೀಲಾ?

ಕಲಬುರಗಿ ಲೆಕ್ಕಿಗ:
ಅದೊಂದನ್ನೇ ಹಿಡೀಬೇಡಿ ಮಾರಾಯ್ರೆ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಗಿ ರೆಗ್ಯುಲರ್ ಮಕ್ಕಳೆಲ್ಲ ಪಾಸ್. ಹಿಂದೆ ಮುಂದೆ ಎರಡೆರಡು ಬ್ಯಾಚ್ ಸೇರಿಸಿ. ಹುಡುಗ, ಹುಡುಗಿ ಬೇರೆ ಬೇರೆ ಬರೀರಿ. ಡಿಪ್ಲೊಮಾ, ನರ್ಸಿಂಗಿಗೂ ಒಂದೊಂದು ಕಾಲಂ ಇಡಿ, ಐಟಿಐ ಇದರಲ್ಲಿ ಬೆರೆಸಬೇಡಿ.

ಭಾಲ್ಕಿ ಟೀಚರ್:
ಫೋನ್ ಸಂಜೆ ಏಳರ ಮೇಲೆ ಮಾಡಿ. ಹಗಲು ಎಲ್ಲರೂ ಹೊಲದಲ್ಲಿರ್ತಾರೆ.