ಪುಟ್ಟ ಹಾಯಿದೋಣಿಯ ಒಳಾಂಗಣಕ್ಕೆ ಯಾವ ಸಾಮಗ್ರಿ?

ಪ್ರಶ್ನೆ: ಏಳು ಮೀಟರ್ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿಯ ಒಳಭಾಗವನ್ನು ಪೂರ್ತಿ ಬಿಚ್ಚಿದ್ದೇನೆ. ಹೊಸ ಹಲಗೆ, ಕಪಾಟು, ಹೊದಿಕೆಗಳಿಗೆ ದೋಣಿಗಳಿಗೆಂದೇ ನೀರು ತಡೆಯುವ ಅಂಟಿನಿಂದ ಮಾಡಿದ ಮರೀನ್ ಪ್ಲೈವುಡ್ಡೇ ಬೇಕೇ, ಸಾಮಾನ್ಯ ಪ್ಲೈವುಡ್‌ಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳ ಬಳಿದರೆ ಸಾಲದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಸಾಲದು. ಎಪಾಕ್ಸಿ ಹೊರಮೈಯನ್ನು ಕಾಪಾಡುತ್ತದೆಯೇ ಹೊರತು ಒಳಪದರಗಳ ನಡುವಿನ ಪೊಳ್ಳನ್ನು ತುಂಬುವುದಿಲ್ಲ. ಮುಂದೆಂದೋ ಒಂದು ಸ್ಕ್ರೂ ಆ ಪೊಳ್ಳಿಗೆ ದಾರಿ ಮಾಡಿಕೊಟ್ಟರೆ, ನೀರು ಅಲ್ಲಿಯೇ ನಿಂತು, ಮೇಲೆ ಏನೂ ಕಾಣಿಸದಂತೆ ಮರವನ್ನು ಕೊಳೆಸುತ್ತದೆ. ಮರೀನ್ ಪ್ಲೈವುಡ್ ಕೊಳ್ಳುವಾಗಲೂ ಬಿಎಸ್ 1088 ಎಂಬ ಬ್ರಿಟಿಷ್ ಗುಣಮಟ್ಟದ ಮುದ್ರೆಯೊಂದನ್ನೇ ನಂಬಬೇಡಿ. ಹಾಳೆಯ ಅಂಚಿನಲ್ಲಿ ಕಪ್ಪು ಸಂದುಗಳಿವೆಯೇ ಎಂದು ನೋಡಿ. ಅಂಗೈಯಗಲದ ತುಂಡೊಂದನ್ನು ಕೆಲವು ಗಂಟೆ ಕುದಿಸಿ, ಒಣಗಿಸಿ, ಪದರಗಳ ನಡುವೆ ಚಾಕುವಿನ ಮೊನೆ ತೂರಿಸಿದರೆ ಅಂಟಿನ ಯೋಗ್ಯತೆ ತಿಳಿದುಹೋಗುತ್ತದೆ. ಇಂಥ ಪ್ಲೈವುಡ್‌ಗೆ ಬಳಸುವ ಒಕುಮೆ ಎಂಬ ಆಫ್ರಿಕಾದ ಮರ ಹಗುರವಾದರೂ ಕೊಳೆತಕ್ಕೆ ಬೇಗ ತುತ್ತಾಗುತ್ತದೆ. ಯಾವ ಮರವಾದರೂ ಕತ್ತರಿಸಿದ ಅಂಚಿಗೆ ಎಪಾಕ್ಸಿಯನ್ನು ಎರಡು ಮೂರು ಬಾರಿ ಕುಡಿಸಲೇಬೇಕು, ಏಕೆಂದರೆ ನೀರು ಒಳಸೇರುವುದು ಹೆಚ್ಚಾಗಿ ಅಲ್ಲಿಂದಲೇ.

ಇನ್ನೊಂದು ಉತ್ತರ: ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 6 ಮಿಲಿಮೀಟರ್ ದಪ್ಪದ ಒಕುಮೆಯ ಪೂರ್ಣ ಹಾಳೆ ಸುಮಾರು 8–9 ಕಿಲೋ ತೂಗುತ್ತದೆ, 12 ಮಿಲಿಮೀಟರಿನದು ಅದರ ಇಮ್ಮಡಿ. ಕಪಾಟಿನ ಬಾಗಿಲಿಗೆ ತೆಳು ಹಾಳೆಯ ಹಿಂದೆ ಪಟ್ಟಿ ಕೊಟ್ಟರೆ ಧಾರಾಳವಾಯಿತು. ಆದರೆ ಅಡ್ಡಗೋಡೆಗಳ ವಿಷಯದಲ್ಲಿ ಈ ಜಿಪುಣತನ ಸಲ್ಲದು: ಅನೇಕ ದೋಣಿಗಳಲ್ಲಿ ಹಾಯಿಕಂಬದ ಮತ್ತು ಅದನ್ನು ಬಿಗಿದ ತಂತಿಗಳ ಹೊರೆಯನ್ನು ಹೊರುವುದು ಅವೇ ಆದ್ದರಿಂದ, ಮೂಲದ ದಪ್ಪಕ್ಕಿಂತ ಕಡಿಮೆ ಮಾಡದೆ, ದೋಣಿಯ ಒಡಲಿಗೆ ಗಾಜಿನಾರಿನ ಪಟ್ಟಿಗಳಿಂದ ಬೆಸೆಯಬೇಕು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಮಾತ್ರ ದೋಣಿಯೊಳಕ್ಕೆ ತರಲೇಬೇಡಿ.

ಮತ್ತೊಂದು ಉತ್ತರ: ಸೋರದ ದೋಣಿಯೂ ಒಳಗೆ ಬೆವರುತ್ತದೆ. ತಣ್ಣನೆಯ ಫೈಬರ್‌ಗ್ಲಾಸಿಗೆ ನಮ್ಮ ಉಸಿರಿನ, ಅಡುಗೆಯ ಆವಿ ತಗುಲಿ ಹನಿಗಟ್ಟುವುದರಿಂದ, ಗೋಡೆಗೆ ಕಾರ್ಪೆಟ್ ಅಂಟಿಸಿದರೆ ಅದು ತೇವ ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಸ್ಪಂಜು ಬೆನ್ನಿನ ವಿನೈಲ್ ಹೊದಿಕೆಯ ಸ್ಪಂಜು ಕಾಲಕ್ರಮೇಣ ಪುಡಿಯಾಗಿ, ಚಾವಣಿಯಿಂದ ಜೋತುಬೀಳುತ್ತದೆ. ನೀರು ಹೀರದ, ಮುಚ್ಚಿದ ಕೋಶಗಳ ಫೋಮನ್ನು ಒಡಲಿಗೆ ಸಂದಿಲ್ಲದಂತೆ ಅಂಟಿಸಿ, ಅದರ ಮುಂದೆ ಬಿಡಿಬಿಡಿಯಾಗಿ ತೆಳುವಾದ ಮರದ ಪಟ್ಟಿಗಳನ್ನು ಜೋಡಿಸುವುದು ನನಗೆ ಮೆಚ್ಚುಗೆಯಾದ ಕ್ರಮ. ಹಾಸಿಗೆಯಡಿಯ ಹಲಗೆಗೂ ಗಾಳಿಯಾಡಲು ರಂಧ್ರಗಳಿರಲಿ, ಅವುಗಳ ಅಂಚಿಗೂ ಎಪಾಕ್ಸಿ ಬೀಳಲಿ. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಹಿತ್ತಾಳೆಯವು ಚೆಂದ ಕಂಡರೂ ಉಪ್ಪುನೀರಿನಲ್ಲಿ ಅವುಗಳ ಸತುವು ಕರಗಿಹೋಗಿ, ತಿರುಗಿಸುವಾಗ ತಲೆಯೇ ಮುರಿದು ಕೈಗೆ ಬರುತ್ತದೆ.